ಒಂದೂವರೆ ಡಿಗ್ರಿ

ಯಜ್ಞೇಶ್ವರ ಮಾಸ್ತರರಿಗೆ ಎಪ್ಪತ್ತೈದು ತುಂಬಿದ್ದರೂ ಅವರ ಸಿಟ್ಟಿಗೆ ಇನ್ನೂ ಇಪ್ಪತ್ತೈದೇ. ಅದು ಸದಾ ಮೂಗಿನ ತುದಿಯಲ್ಲಿ ಕೂತಿರುತ್ತಿತ್ತು. ಆಗಸ್ಟ್ ತಿಂಗಳ ಆ ಸೋಮವಾರ ಅದಕ್ಕೆ ಇಳಿಯಲು ನೆಪವೂ ಸಿಕ್ಕಿತು. ಧಾರವಾಡದ ಪ್ರೌಢಶಾಲೆಯಿಂದ, ಅವರು ಮೂವತ್ತಾರು ವರ್ಷ ವಿಜ್ಞಾನ ಕಲಿಸಿದ ಅದೇ ಸಾಲೆಯಿಂದ, ಒಂದು ಪತ್ರ ಬಂದಿತ್ತು. ಸಭಾಗೃಹದ ಮೂಲೆಯಲ್ಲಿರುವ ಹಳೆಯ ಸೌರಮಂಡಲ ಯಂತ್ರ ಒಂಬತ್ತು ಗ್ರಹ ತೋರಿಸುತ್ತದೆ, ಪಠ್ಯದಲ್ಲಿ ಇರುವುದು ಎಂಟು, ಮಕ್ಕಳಿಗೆ ಗೊಂದಲ. ಆದ್ದರಿಂದ ಅದನ್ನು ತೆಗೆದು ಕೇಶ್ವಾಪುರದ ಅಂಗಡಿಯಲ್ಲಿ ಮಾಡಿಸುತ್ತಿರುವ ಬಣ್ಣದ ಫಲಕ ಹಚ್ಚುವ ವಿಚಾರವಿದೆ. ಶನಿವಾರ ಆಡಳಿತ ಮಂಡಳಿ ತೀರ್ಮಾನಿಸಲಿದ್ದು, ಯಂತ್ರ ಕಟ್ಟಿಸಿದವರಾದ ತಾವು ಹಾಜರಿರಬೇಕು. ಕೆಳಗೆ ಮುಖ್ಯೋಪಾಧ್ಯಾಯಿನಿ ಭಾಗ್ಯಶ್ರೀಯ ಸಹಿ.

ಮಾಸ್ತರರು ಪತ್ರವನ್ನು ಮೂರು ಸಲ ಓದಿದರು. ಮೂರನೆಯ ಸಲ ಓದಿದ್ದು ಗಟ್ಟಿಯಾಗಿ, ಹೆಂಡತಿ ತಾರಾಬಾಯಿಗೆ ಕೇಳಿಸಲಿ ಎಂದು. ಆಕೆ ಪಡಸಾಲೆಯಲ್ಲಿ ಕೂತು ಮೆಂತೆ ಪಲ್ಯ ಸೋಸುತ್ತಿದ್ದರು. ಈ ಭಾಗ್ಯಶ್ರೀ ತಮ್ಮ ಕೈಯಲ್ಲೇ ಕಲಿತವಳು, ಕಲಿಸಿದವರಿಗೇ ಪಾಠ ಹೇಳುವಷ್ಟು ಬೆಳೆದಳಲ್ಲ ಎಂದು ಮಾಸ್ತರರು ಹತ್ತು ನಿಮಿಷ ಕೂಗಾಡಿದರು. ತಾರಾಬಾಯಿ ಕಡ್ಡಿ ಒಂದು ಕಡೆ, ಎಲೆ ಒಂದು ಕಡೆ ಮಾಡುತ್ತಲೇ ಅಂದರು:

"ಪ್ಲೂಟೋನ ಗ್ರಹದ ಪಟ್ಟಿಯಿಂದ ತಗದು ಹತ್ತೊಂಬತ್ತು ವರ್ಷ ಆತು. ಅದು ತನ್ನಷ್ಟಕ್ಕ ತಾ ಸುಮ್ಮನ ತಿರಗಲಿಕತ್ತದ. ಸಮಾಧಾನ ಇಲ್ಲದ್ದು ನಿಮಗಷ್ಟ."

ಮಾತು ಖರೇ ಇತ್ತು, ಅದಕ್ಕೇ ಮಾಸ್ತರರಿಗೆ ಇನ್ನಷ್ಟು ಉರಿಯಿತು. ಎರಡು ಸಾವಿರದ ಆರರಲ್ಲಿ ದೂರದ ಯಾವುದೋ ಊರಿನಲ್ಲಿ ವಿಜ್ಞಾನಿಗಳು ಕೈ ಎತ್ತಿ ಪ್ಲೂಟೋವನ್ನು ಗ್ರಹಗಳ ಪಂಕ್ತಿಯಿಂದ ಎಬ್ಬಿಸಿದ ಸುದ್ದಿಯನ್ನು ಅವರು ಇದೇ ಪಡಸಾಲೆಯಲ್ಲಿ ಪೇಪರಿನಲ್ಲಿ ಓದಿದ್ದರು. ಅವತ್ತು ಊಟ ಮಾಡಿರಲಿಲ್ಲ. ಅಷ್ಟು ವರ್ಷ ಒಂಬತ್ತು ಎಂದು ಬಾಯಿಪಾಠ ಮಾಡಿಸಿದವರು, ಎಂಟು ಎಂದು ಬರೆದ ಹುಡುಗರಿಗೆ ಸೊನ್ನೆ ಕೊಟ್ಟವರು, ಈಗ ಯಾವ ಮೋರೆ ಹೊತ್ತು ಎಂಟು ಎನ್ನಬೇಕು? ಅಲ್ಲಿಂದ ನಿವೃತ್ತಿಯಾಗುವವರೆಗೆ ನಾಲ್ಕು ವರ್ಷ ಅವರು ಆ ಪಾಠವನ್ನೇ ಕಿರಿಯ ಮಾಸ್ತರರ ಹೆಗಲಿಗೆ ದಾಟಿಸಿಬಿಟ್ಟಿದ್ದರು. ಹಿಡಿದ ಮೊಲಕ್ಕೆ ಮೂರೇ ಕಾಲು.

ಆದರೆ ಈಗಿನ ಸಿಟ್ಟು ಬರೀ ಪ್ಲೂಟೋದ್ದಲ್ಲ. ಆ ಯಂತ್ರ ಹೋದರೆ ಆ ಸಾಲೆಯಲ್ಲಿ ಯಜ್ಞೇಶ್ವರ ಎಂಬುವನು ಇದ್ದ ಎನ್ನಲು ಒಂದು ಗುರುತೂ ಉಳಿಯುವುದಿಲ್ಲ. ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಯಂತ್ರ ಕಟ್ಟಿ ಮುಗಿಸಿದ್ದು ಸಾವಿರದ ಒಂಬೈನೂರ ಎಂಬತ್ತೊಂದರಲ್ಲಿ. ಆಗ ಮಾಸ್ತರರಿಗೆ ಮೂವತ್ತೊಂದು ವರ್ಷ. ಹುಬ್ಬಳ್ಳಿಯಲ್ಲಿ ಹೊಸದಾಗಿ ಲೇಥ್ ಹಾಕಿದ್ದ ಗೌಸಸಾಬನಿಗೆ ಇಪ್ಪತ್ತೆರಡು. ಯಾವ ಚಕ್ರಕ್ಕೆ ಎಷ್ಟು ಹಲ್ಲು ಎಂದು ಮಾಸ್ತರರು ಒಂದು ವರ್ಷ ಲೆಕ್ಕ ಹಾಕಿದ್ದರು, ಗೌಸಸಾಬ ಇನ್ನೊಂದು ವರ್ಷ ಕೊರೆದಿದ್ದ. ಐದು ಅಡಿ ಅಗಲದ ಮೇಜು, ನಡುವೆ ಹಳದಿ ಬಣ್ಣದ ಸೂರ್ಯ, ಸುತ್ತ ಉದ್ದುದ್ದ ಕಡ್ಡಿಗಳ ತುದಿಗೆ ಹಿತ್ತಾಳೆಯ ಒಂಬತ್ತು ಗುಂಡು. ಹಿಡಿಕೆ ಒಂದು ಸುತ್ತು ತಿರುಗಿಸಿದರೆ ಭೂಮಿಯ ಒಂದು ವರ್ಷ. ಅಷ್ಟರಲ್ಲಿ ಬುಧ ನಾಲ್ಕು ಸಲ ಗಿರ್ರನೆ ತಿರುಗುತ್ತಿತ್ತು, ಶನಿ ಹನ್ನೆರಡು ಡಿಗ್ರಿ ಜರುಗುತ್ತಿತ್ತು. ಪ್ಲೂಟೋ ಒಂದು ಪ್ರದಕ್ಷಿಣೆ ಮುಗಿಸಲು ಇನ್ನೂರ ನಲವತ್ತೆಂಟು ವರ್ಷ ಬೇಕು, ಹಾಗಾಗಿ ಅದರ ಪಾಲಿಗೆ ಸುತ್ತಿಗೆ ಒಂದೂವರೆ ಡಿಗ್ರಿ. ನೆಪ್ಚೂನ್ ಮೂರು ಸುತ್ತು ಬರುವಷ್ಟರಲ್ಲಿ ಪ್ಲೂಟೋ ಎರಡು ಸುತ್ತು ಬರುತ್ತದೆ, ಆದ್ದರಿಂದ ಒಂದೇ ಜೋಡಿ ಗೇರಿನಲ್ಲಿ ಆ ಕೆಲಸ ಮುಗಿಯುತ್ತದೆ ಎಂದು ಕಂಡುಕೊಂಡ ದಿನ ಮಾಸ್ತರರು ಓಣಿಯ ತುಂಬ ಪೇಢೆ ಹಂಚಿದ್ದರು.

ಯಂತ್ರದ ಜೊತೆ ಒಂದು ಪದ್ಧತಿಯೂ ಹುಟ್ಟಿತು. ಪ್ರತಿ ಜೂನಿನಲ್ಲಿ ಸಾಲೆ ಸುರುವಾದ ದಿನ, ಒಂಬತ್ತನೆಯ ಇಯತ್ತೆಯಲ್ಲಿ ಮೊದಲ ನಂಬರು ಬಂದವರು ಬಂದು ಹಿಡಿಕೆಯನ್ನು ಒಂದು ಸುತ್ತು ತಿರುಗಿಸಬೇಕು. ಒಂದೇ ಸುತ್ತು. ವರ್ಷ ಒಂದೇ ಕಳೆದಿರುವಾಗ ಎರಡು ಸುತ್ತು ಹೇಗೆ ತಿರುಗಿಸುತ್ತೀರಿ ಎಂದು ಮಾಸ್ತರರ ವಾದ. ಯಾವ ಗ್ರಹ ಎಷ್ಟು ಡಿಗ್ರಿ ಜರುಗಿತು ಎಂದು ಕೆಂಪು ರಟ್ಟಿನ ರಜಿಸ್ಟರಿನಲ್ಲಿ ಬರೆದಿಡಬೇಕು. ಗಡಿಬಿಡಿಯಲ್ಲಿ ಅಕ್ಷರ ಕೆಡಬಾರದು ಎಂದು ಮಾಸ್ತರರು ಅದನ್ನು ಹಿಂದಿನ ದಿನ ಸಂಜೆಯೇ, ಲೆಕ್ಕ ಹಾಕಿ, ಮುತ್ತಿನಂಥ ಅಕ್ಷರದಲ್ಲಿ ಬರೆದು ಮುಗಿಸಿರುತ್ತಿದ್ದರು. ನಿವೃತ್ತರಾದ ಮೇಲೂ ಒಂದು ವರ್ಷವೂ ತಪ್ಪಿಸಲಿಲ್ಲ.

ಈ ಪದ್ಧತಿಗೆ ಇದ್ದ ಒಂದೇ ವಿಘ್ನ ಸಾಲೆಯ ಸಿಪಾಯಿ ಮಹಾಂತಯ್ಯ. ಪ್ರತಿ ಜೂನಿನಲ್ಲಿ ಮಾಸ್ತರರು ಸಮಾರಂಭಕ್ಕೆ ಮುಂಚೆ ಕೋನಮಾಪಕ ಹಿಡಿದು ನೋಡಿದರೆ ಪ್ಲೂಟೋ ಇರಬೇಕಾದಲ್ಲಿ ಇರುತ್ತಿರಲಿಲ್ಲ. ಇದು ಧೂಳು ಒರೆಸುವಾಗ ಮಹಾಂತಯ್ಯನ ಅರಿವೆ ತಗಲಿ ಆದದ್ದು, ಮತ್ತೇನು? ಮಾಸ್ತರರು ಎಲ್ಲರ ಎದುರು ಅವನಿಗೆ ಬೈದು, ಪ್ಲೂಟೋವನ್ನು ಕೈಯಿಂದ ಸರಿಯಾದ ಜಾಗಕ್ಕೆ ಸರಿಸಿ, ರಜಿಸ್ಟರಿನ ಷರಾ ಕಾಲಮ್ಮಿನಲ್ಲಿ ಅವನ ಹೆಸರು ಬರೆಯುತ್ತಿದ್ದರು. ಮುಟ್ಟಿಲ್ಲರಿ ಸರ ಎಂದು ಅವನು ಅನ್ನುತ್ತಿದ್ದ. ಕಡೆಗೆ ತೊಂಬತ್ತರಲ್ಲಿ ಮಾಸ್ತರರು ಯಂತ್ರಕ್ಕೆ ಸಾಗುವಾನಿ ಚೌಕಟ್ಟಿನ ಗಾಜಿನ ಪೆಟ್ಟಿಗೆ ಮಾಡಿಸಿ ಕೀಲಿ ಹಾಕಿಸಿದರು.

ಸೋಮವಾರ ಮಧ್ಯಾಹ್ನವೇ ಮಾಸ್ತರರು ಛತ್ರಿ ಹಿಡಿದು ಸಾಲೆಗೆ ಹೋದರು. ಜಗಳಕ್ಕೆ ಬೇಕಾದ ಮಾತುಗಳನ್ನೆಲ್ಲ ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದರು. ಆದರೆ ಭಾಗ್ಯಶ್ರೀ ಎದ್ದು ನಿಂತು ತನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟಳು, ಚಹಾ ತರಿಸಿದಳು. ಇಂಥವರ ಜೊತೆ ಜಗಳ ತೆಗೆಯುವುದು ಬಹಳ ಕಷ್ಟದ ಕೆಲಸ.

ಮಾಸ್ತರರು ತಿಳಿವಳಿಕೆ ಹೇಳುವ ಧಾಟಿಯಲ್ಲಿ ಸುರುಮಾಡಿದರು. ಹಿಂದಿನವರು ಭೂಮಿಯೇ ನಡುವೆ ಇದೆ ಅಂದುಕೊಂಡಿದ್ದರು. ಗ್ರಹಗಳ ದಾರಿ ಲೆಕ್ಕಕ್ಕೆ ಹೊಂದದಾಗ ಚಕ್ರದ ಮೇಲೆ ಚಕ್ರ ಹಚ್ಚಿ ಹೊಂದಿಸಿದರು, ಅದೂ ತಪ್ಪಿದಾಗ ಮತ್ತೊಂದು ಚಕ್ರ. ಸಾವಿರ ವರ್ಷ ಹೀಗೇ ತೇಪೆ ಹಚ್ಚಿದರೇ ಹೊರತು ಭೂಮಿ ನಡುವೆ ಇಲ್ಲ ಎಂದು ಒಪ್ಪಲಿಲ್ಲ, ಎಂಥ ಮೊಂಡರು. ಆಮೇಲೆ ಸೂರ್ಯ ನಡುವೆ ಬಂತು. ಯುರೇನಸ್ ಸಿಕ್ಕಿತು. ಯುರೇನಸ್ಸಿನ ದಾರಿ ಸ್ವಲ್ಪ ವಾರೆಯಾಗಿದ್ದನ್ನು ನೋಡಿ ಒಬ್ಬ ಗಣಿತಜ್ಞ ಮನೆಯಲ್ಲಿ ಕೂತು ಪೆನ್ನಿನ ತುದಿಯಿಂದಲೇ ನೆಪ್ಚೂನ್ ಎಲ್ಲಿದೆ ಎಂದು ಹೇಳಿದ. ದೂರದರ್ಶಕ ತಿರುಗಿಸಿದರೆ ಅದು ಅಲ್ಲೇ! ಇದು ಲೆಕ್ಕದ ತಾಕತ್ತು. ಅಂಥ ಲೆಕ್ಕದ ಮೇಲೆ ಕಟ್ಟಿದ ಯಂತ್ರವನ್ನು ಗುಜರಿಗೆ ಹಾಕುತ್ತೀರಾ?

ಭಾಗ್ಯಶ್ರೀ ಇದನ್ನೆಲ್ಲ ಹದಿನಾಲ್ಕನೆಯ ವಯಸ್ಸಿನಲ್ಲೇ ಕೇಳಿದ್ದಳು. ಆದರೂ ಪೂರ್ತಿ ಕೇಳಿ, ಆಮೇಲೆ ಹೇಳಿದಳು:

"ಸರ, ನಾ ಇದ ಸಾಲ್ಯಾಗ ಮೂರು ವರ್ಷ ಕಲ್ತೆ. ಈ ಯಂತ್ರ ತಿರುಗಿದ್ದು ನೋಡಿದ್ದು ಮೂರ ಸಲ. ಅದೂ ಹಿಂದ ನಿಂತು, ಹಿಂಬಡ ಎತ್ತಿ. ಎರಡನೇ ನಂಬರ ಬಂದವರಿಗೆ ಹಿಡಿಕಿ ಸಿಗತಿರಲಿಲ್ಲಲ್ಲರಿ. ಪ್ಲೂಟೋ ಇರೋದು ದೊಡ್ಡ ಮಾತಲ್ಲ. ಮುಟ್ಟಲಾರದ ಯಂತ್ರ ಇಟಗೊಂಡು ನಾ ಮಂಡಳಿಯವರಿಗೆ ಏನ ಹೇಳಲಿ?"

ಆಮೇಲೆ ಆಕೆಯೇ ಒಂದು ದಾರಿ ಹೇಳಿದಳು. ಶನಿವಾರ ಮಂಡಳಿಯ ಎದುರು ಯಂತ್ರ ನಲವತ್ತು ಐವತ್ತು ಸುತ್ತು ತಿರುಗಲಿ, ಪ್ಲೂಟೋ ಜರುಗುವುದು ಎಲ್ಲರ ಕಣ್ಣಿಗೆ ಕಾಣಲಿ. ಜೊತೆಗೆ ನಲವತ್ತೈದು ವರ್ಷದ ರಜಿಸ್ಟರು ಇಡೋಣ. ಮನುಷ್ಯರ ತಿಳಿವಳಿಕೆ ಹೇಗೆ ಬದಲಾಗುತ್ತ ಬಂತು ಎಂದು ತೋರಿಸಲು ಒಂಬತ್ತು ಗುಂಡಿನ ಯಂತ್ರವೇ ಬೇಕು ಎಂದು ತಾನು ವಾದಿಸುತ್ತೇನೆ ಎಂದಳು. ಮಾಸ್ತರರಿಗೆ ಸೋತಂತೆಯೂ ಅನಿಸಿತು, ಗೆದ್ದಂತೆಯೂ ಅನಿಸಿತು. ರಜಿಸ್ಟರನ್ನು ಮರುದಿನವೇ ಕಳಿಸಿಕೊಡುವುದಾಗಿ ಹೇಳಿ ಬಂದರು, ಕಳಿಸಿಯೂ ಕೊಟ್ಟರು.

ಮಂಗಳವಾರ ಚಿಗರಿ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋದರು. ಗೌಸಸಾಬನಿಗೆ ಈಗ ಅರವತ್ತಾರು, ಗಡ್ಡವೆಲ್ಲ ಬೆಳ್ಳಗಾಗಿತ್ತು. ಲೇಥನ್ನು ಮಗ ಮುಜಾಫರನಿಗೆ ಬಿಟ್ಟುಕೊಟ್ಟು ತಾನು ಬಾಗಿಲಲ್ಲಿ ಕುರ್ಚಿ ಹಾಕಿ ಕೂತಿರುತ್ತಿದ್ದ. ಮಾಸ್ತರರನ್ನು ನೋಡಿ ಸಂತೋಷದಿಂದ ಎದ್ದವನು, ನಲವತ್ತು ಸುತ್ತು ಎಂಬ ಮಾತು ಕೇಳಿದ ಕೂಡಲೇ ಮೆಲ್ಲಗೆ ಕೂತುಬಿಟ್ಟ.

ಎಣ್ಣೆ ಹಾಕಿಕೊಡುತ್ತೇನೆ, ಆದರೆ ಹಳೆಯ ಯಂತ್ರ, ಒಂದು ಸುತ್ತು ಸಾಕು ಅಂದ. ಯಾಕೆ ಸಾಕು ಎಂದರೆ ಹಲ್ಲು ಸವೆದಿರಬಹುದು ಅಂದ. ವರ್ಷಕ್ಕೆ ಒಂದು ಸುತ್ತು ತಿರುಗಿದ ಯಂತ್ರದ ಹಲ್ಲು ಹೇಗೆ ಸವೆಯುತ್ತದೆ ಎಂದರೆ ತನಗೆ ಮೊಣಕಾಲು ನೋವು ಅಂದ, ಮಳೆ ಬರುವ ಹಾಗಿದೆ ಅಂದ. ಮಾಸ್ತರರ ತಾಳ್ಮೆ ಮುಗಿಯಿತು. ಎಲ್ಲರೂ ಸೇರಿ ನನ್ನ ಯಂತ್ರವನ್ನು ಗುಜರಿಗೆ ಕಳಿಸಬೇಕೆಂದೇ ನಿಂತಿದ್ದೀರಿ, ನೀನೂ ಅವರ ಪಾರ್ಟಿ ಸೇರಿದೆಯಾ ಎಂದು ಕೇಳಿಯೇಬಿಟ್ಟರು. ಗೌಸಸಾಬ ತಲೆ ತಗ್ಗಿಸಿ, ಗುರುವಾರ ಬರುತ್ತೇನೆ ಎಂದು ಮಾತ್ರ ಹೇಳಿದ.

ಗುರುವಾರ ಸಾಲೆ ಬಿಟ್ಟ ಮೇಲೆ ಮೂವರೂ ಸಭಾಗೃಹದಲ್ಲಿ ಸೇರಿದರು. ಗೌಸಸಾಬ ಎಣ್ಣೆಯ ಡಬ್ಬಿ ತಂದಿದ್ದ. ಭಾಗ್ಯಶ್ರೀ ಕೆಂಪು ರಜಿಸ್ಟರನ್ನು ಎದೆಗವಚಿಕೊಂಡು ಬಂದಿದ್ದಳು.

ಆಕೆ ರಜಿಸ್ಟರು ತೆರೆದು, ಬೆರಳಿಟ್ಟು, ಒಂದೊಂದೇ ಷರಾ ಓದಿದಳು. ಎಂಬತ್ತೆರಡು: ಮಹಾಂತಯ್ಯ ಒರೆಸುವಾಗ ಪ್ಲೂಟೋ ಸರಿಸಿದ್ದಾನೆ, ಒಂದೂವರೆ ಡಿಗ್ರಿ ಹಿಂದೆ, ಸರಿಪಡಿಸಿದೆ. ಎಂಬತ್ಮೂರು: ಮಹಾಂತಯ್ಯ, ಒಂದೂವರೆ ಡಿಗ್ರಿ ಹಿಂದೆ. ಎಂಬತ್ತೇಳು: ಮಹಾಂತಯ್ಯ, ಮೇಲಿನಂತೆ. ತೊಂಬತ್ತೊಂದು: ಗಾಜಿನ ಪೆಟ್ಟಿಗೆಯನ್ನು ಮಹಾಂತಯ್ಯ ಅಲುಗಾಡಿಸಿದ್ದಾನೆ, ಒಂದೂವರೆ ಡಿಗ್ರಿ. ಹೀಗೆ ಎರಡು ಸಾವಿರದ ಹನ್ನೆರಡರವರೆಗೆ, ಮೂವತ್ತೊಂದು ಸಲ. ಆ ವರ್ಷ ಮಹಾಂತಯ್ಯ ನಿವೃತ್ತನಾದ. ಮರುವರ್ಷದಿಂದ: ಹೊಸ ಸಿಪಾಯಿಯೂ ಹಾಗೆಯೇ, ಒಂದೂವರೆ ಡಿಗ್ರಿ. ಎರಡು ಸಾವಿರದ ಇಪ್ಪತ್ತೊಂದು, ಸಾಲೆಯೇ ಮುಚ್ಚಿದ್ದ ಕರೋನಾದ ವರ್ಷ: ಬಹುಶಃ ಇಲಿ, ಒಂದೂವರೆ ಡಿಗ್ರಿ.

"ಸರ," ಅಂದಳು ಭಾಗ್ಯಶ್ರೀ, ದನಿ ತೀರ ಮೆತ್ತಗಿತ್ತು. "ಪ್ರತಿ ವರ್ಷ ಅಷ್ಟ? ಪ್ರತಿ ವರ್ಷ ಹಿಂದಕ್ಕ? ಇಲಿನೂ ಕೋನಮಾಪಕ ಹಿಡಕೊಂಡು ಬಂದಿತ್ತೇನ್ರಿ?"

ಮಾಸ್ತರರು ಕೀಲಿ ತೆಗೆದು ಗಾಜಿನ ಬಾಗಿಲು ಎತ್ತಿ, ಹಿಡಿಕೆ ಹಿಡಿದರು. ನಲವತ್ತೈದು ವರ್ಷದಲ್ಲಿ ಆ ಹಿಡಿಕೆ ಒಂದೇ ದಿನ ಎರಡನೆಯ ಸುತ್ತು ತಿರುಗಿದ್ದು ಅದೇ ಮೊದಲು. ಬುಧ ಗಿರಗಿರ ತಿರುಗಿತು, ಗುರು ದೊಡ್ಡ ಹೆಜ್ಜೆ ಹಾಕಿತು. ಐದು, ಹತ್ತು, ಇಪ್ಪತ್ತು ಎಂದು ಭಾಗ್ಯಶ್ರೀ ಎಣಿಸುತ್ತಿದ್ದಳು. ಮಾಸ್ತರರು ಬೆವೆತರು, ಕೈ ಬದಲಿಸಿದರು, ಬಿಡಲಿಲ್ಲ. ನಲವತ್ತಾಯಿತು. ಅಷ್ಟರಲ್ಲಿ ನೆಪ್ಚೂನ್ ಹೆಚ್ಚೂ ಕಡಿಮೆ ಕಾಲು ಸುತ್ತು ಬಂದಿತ್ತು. ಪ್ಲೂಟೋ ಜೂನಿನಲ್ಲಿ ಅವರು ಕೈಯಾರೆ ಇಟ್ಟ ಜಾಗದಲ್ಲೇ ಇತ್ತು, ಕೂದಲೆಳೆಯಷ್ಟೂ ಅಲುಗಿರಲಿಲ್ಲ.

ಗೌಸಸಾಬ ಎಣ್ಣೆಯ ಡಬ್ಬಿಯನ್ನು ನೆಲಕ್ಕಿಟ್ಟ.

"ಮಾಫ ಮಾಡ್ರಿ ಸರ. ಉದ್ಘಾಟನಾ ಹಿಂದಿನ ದಿನ ಪ್ಲೂಟೋದ ಗೇರ ಕೂಡಸುವಾಗ ಸೀಳಿಬಿಡ್ತು. ಹೊಸಾದು ಕೊರ್ಯಾಕ ಟೈಮ್ ಇರಲಿಲ್ಲ. ಗೇರ ಇಲ್ಲದ ಹಂಗ ನಟ್ ಹಾಕಿ ನಿಲ್ಲಿಸಿದೆ, ಮುಂದಿನ ತಿಂಗಳ ಬಂದು ಹಾಕಿದ್ರಾತು ಅಂತ. ನೀವು ನೋಡಿದ್ರ ವರ್ಷಕ್ಕ ಒಂದ ಸುತ್ತು ಅಂದ್ರಿ. ಒಂದ ಸುತ್ತಿನ್ಯಾಗ ಯಾರಿಗೆ ಕಾಣತೈತಿ? ಮುಂದ ಯಾರೂ ಏನೂ ಅನ್ನಲಿಲ್ಲ. ಹೇಳಾಕ ನನಗ ಬಾಯಿ ಬರಲಿಲ್ಲರಿ."

ಮಾಸ್ತರರಿಗೆ ಬಂದ ಸಿಟ್ಟು ಎಂಥದೆಂದರೆ, ಅದಕ್ಕೆ ಯಾರ ಮೇಲೆ ಬೀಳಬೇಕೆಂದೇ ತಿಳಿಯಲಿಲ್ಲ. ಗೌಸಸಾಬನ ಮೇಲೆ ಬೀಳೋಣ ಎಂದರೆ ಅವನು ಮುಚ್ಚಿಟ್ಟದ್ದು ಒಂದೇ ಸಲ, ತಾವು ಪ್ರತಿ ವರ್ಷ ಅಳತೆ ಮಾಡಿದವರು. ಅಳತೆ ಮಾಡಿ, ತಪ್ಪನ್ನು ಕಣ್ಣಾರೆ ಕಂಡು, ಬರೆದೂ ಇಟ್ಟವರು. ಮಕ್ಕಳ ಪ್ರಯೋಗದ ವಹಿಗಳ ಮೇಲೆ ಕೆಂಪು ಶಾಯಿಯಲ್ಲಿ 'ನೋಡಿ ಬರೆಯಿರಿ' ಎಂದು ಸಾವಿರ ಸಲ ಗೀಚಿದ ಕೈ ಇದೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಅವರು ಎಷ್ಟೋ ಸಲ ಬೇರೆಯವರಿಗೆ ಹೇಳಿದ್ದರು.

ಗೌಸಸಾಬ ಸಮಾಧಾನಕ್ಕೆಂದು ಮತ್ತೊಂದು ಮಾತು ಹೇಳಿದ. ಈಗ ಮಗನ ಹತ್ತಿರ ಒಳ್ಳೆಯ ಮಷಿನ್ ಇದೆ, ನಾಳೆ ಮಧ್ಯಾಹ್ನದೊಳಗೆ ಗೇರು ಕೊರೆದು ಕೂಡಿಸಿಬಿಡುತ್ತೇವೆ, ಶನಿವಾರ ಪ್ಲೂಟೋ ತಿರುಗುತ್ತದೆ, ನಾವು ಮೂವರು ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಮಾಸ್ತರರು ಭಾಗ್ಯಶ್ರೀಯ ಮುಖ ನೋಡಿದರು. ಯಂತ್ರ ತಮ್ಮದು, ನಿರ್ಧಾರವೂ ತಮ್ಮದೇ ಎಂದಳು ಆಕೆ. ಗೇರು ಕೂಡಿಸಿದರೆ ಯಂತ್ರ ಉಳಿಯುತ್ತದೆ, ಅವರ ಹೆಸರೂ ಉಳಿಯುತ್ತದೆ. ಖರೇ ಹೇಳಿದರೆ ಮಂಡಳಿಯವರು ನಕ್ಕು ಗುಜರಿಯವನಿಗೆ ಫೋನು ಹಚ್ಚುತ್ತಾರೆ.

ಪೆಟ್ಟಿಗೆಗೆ ಕೀಲಿ ಹಾಕಲು ಬಗ್ಗಿದಾಗ ಮಾಸ್ತರರಿಗೆ ಚೌಕಟ್ಟಿನ ಹೊರಗಿನ ಅಂಚಿನಲ್ಲಿ ಸಣ್ಣ ಗೀರುಗಳು ಕಂಡವು. ಮೊಳೆಯಿಂದ ಎಳೆದಂಥವು, ಬೆರಳಗಲಕ್ಕೊಂದರಂತೆ, ಸಾಲಾಗಿ. ಹುಡುಗರ ಕಿತಾಪತಿ ಎಂದು ಅವರು ಎಷ್ಟೋ ವರ್ಷದಿಂದ ನೋಡಿಯೂ ನೋಡದಂತಿದ್ದ ಗೀರುಗಳು. ಎಣಿಸಿದರೆ ಇಪ್ಪತ್ತೆರಡು. ಎರಡೆರಡು ಗೀರಿನ ನಡುವೆ ಎಷ್ಟು ಕೋನವಿದೆ ಎಂದು ಅಳೆಯಲು ಅವರಿಗೆ ಆಗ ಧೈರ್ಯ ಸಾಲಲಿಲ್ಲ.

ಮನೆಗೆ ಬಂದು ತಾರಾಬಾಯಿಗೆ ಎಲ್ಲವನ್ನೂ ಹೇಳಿದರು. ಆಕೆ ಛೇಡಿಸುತ್ತಾರೆ ಎಂದುಕೊಂಡಿದ್ದರು, ಹಾಗಾಗಲಿಲ್ಲ. ಮಹಾಂತಯ್ಯ ತನ್ನ ಮಗಳ ಮದುವೆಗೆ ಕರೆಯಲು ಬಂದಾಗಲೂ ಅವನನ್ನು ಅಂಗಳದಲ್ಲಿ ನಿಲ್ಲಿಸಿ ಪ್ಲೂಟೋದ ಮಾತೇ ತೆಗೆದಿದ್ದಿರಿ, ನೆನಪಿದೆಯಾ ಎಂದು ಮಾತ್ರ ಕೇಳಿದರು. ಮಾಸ್ತರರಿಗೆ ನೆನಪಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಅವರು ಭಾಗ್ಯಶ್ರೀಯಿಂದ ಕೇಳಿ ತಂದಿದ್ದ ರಜಿಸ್ಟರನ್ನು ಚೀಲದಲ್ಲಿ ಹಾಕಿಕೊಂಡು ಮಹಾಂತಯ್ಯನ ಊರಾದ ಮುಗದದ ಬಸ್ಸು ಹತ್ತಿದರು. ಸಣ್ಣಗೆ ಮಳೆ ಹಿಡಿದಿತ್ತು. ದಾರಿಯುದ್ದಕ್ಕೂ ತಮ್ಮನ್ನೇ ಬೈದುಕೊಳ್ಳುತ್ತ ಹೋದರು, ಬೈಯಲು ಬೇರೆ ಯಾರೂ ಉಳಿದಿರಲಿಲ್ಲ. ಮಹಾಂತಯ್ಯ ಮನೆಯ ಕಟ್ಟೆಯ ಮೇಲೆ ಕೂತು ಹುರಿ ಹೊಸೆಯುತ್ತಿದ್ದ. ಮಾಸ್ತರರನ್ನು ಕಂಡು ದಡಬಡಿಸಿ ಎದ್ದು, ಹೆಗಲ ಮೇಲಿನ ಟಾವೆಲ್ಲಿನಿಂದ ಕಟ್ಟೆ ಒರೆಸಿ ಕೂಡಲು ಹೇಳಿದ. ಆ ಒರೆಸುವ ಕೈ ನೋಡುವುದು ಮಾಸ್ತರರಿಗೆ ಕಷ್ಟವಾಯಿತು.

ಹೇಳಬೇಕಾದದ್ದನ್ನು ಅವರು ನೇರವಾಗಿ ಹೇಳಿದರು. ಗೇರು ಇರಲೇ ಇಲ್ಲ, ಪ್ಲೂಟೋ ತಿರುಗಲೇ ಇಲ್ಲ, ನಿನ್ನ ತಪ್ಪು ಒಂದೂ ಇಲ್ಲ. ಮಹಾಂತಯ್ಯ ಹುರಿಯ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೇಳಿಸಿಕೊಂಡ.

"ನನಗ ಗೊತ್ತಿತ್ತರಿ ಸರ," ಅಂದ.

ಮಾಸ್ತರರು ಚೀಲ ಕೆಳಗಿಟ್ಟು, ಹೇಗೆ ಎಂದು ಕೇಳಿದರು.

"ಪೆಟಗಿಗೆ ಕೀಲಿ ಹಾಕಿಸಿದ್ರಲ್ಲರಿ, ಆ ವರ್ಷದಿಂದ ನೋಡಾಕ ಹತ್ತಿದೆ. ನೀವು ಸುತ್ತು ತಿರುಗಿಸಿ ಹ್ವಾದ ಮ್ಯಾಲೆ ಅದರ ಕಡ್ಡಿ ಎಲ್ಲೈತಿ ನೋಡಿ, ಅದರ ನೇರಕ್ಕ ಹೊರಗ ಒಂದ ಗೀರು ಹಾಕತಿದ್ದೆ. ಮರುವರ್ಷ ನೀವು ಬರೂಮಟಾ ಅದು ಗೀರಿನ ಮ್ಯಾಲ ಇರತಿತ್ತು. ನೀವು ಬಂದು ಸರಸತಿದ್ರಿ, ನಾ ಮತ್ತೊಂದು ಗೀರು ಹಾಕತಿದ್ದೆ. ಉಳಿದ ಎಂಟೂ ತಿರಗತಾವ, ಇದೊಂದು ತಿರಗಂಗಿಲ್ಲ ಅಂತ ತಿಳೀತು. ನಿಮಗ ಒಮ್ಮೆ ಹೇಳಿದ್ದೆ ಕೂಡರಿ."

"ಯಾವಾಗ?"

"ತೊಂಬತ್ಮೂರರಾಗ. ಪುಸ್ತಕದಾಗ ಬರದದ, ನಿನಗೇನು ತಿಳೀತದ ಅಂದ್ರಿ."

ಅದನ್ನು ಅವನು ದೂರುವ ದನಿಯಲ್ಲಿ ಹೇಳಲಿಲ್ಲ. ದೂರಿದ್ದರೆ ಮಾಸ್ತರರಿಗೆ ಬಹಳ ಹಗುರಾಗುತ್ತಿತ್ತು. ಅವನ ಸೊಸೆ ಚಹಾ ತಂದಳು. ಮಾಸ್ತರರು ಚಹಾ ಕುಡಿದು ಬಟ್ಟಲು ಕೆಳಗಿಟ್ಟರು. ಆಮೇಲೆ, ಆ ಮನುಷ್ಯನಿಗೆ ಜೀವಮಾನದಲ್ಲಿ ಮೊದಲ ಸಲ ಬಹುವಚನ ಹಚ್ಚಿ ಕೇಳಿದರು: "ನಾಳೆ ಸಾಲಿಗೆ ಬರ್ತೀರೇನ್ರಿ, ಮಹಾಂತಯ್ಯನವರ?"

ಬಸ್ಸಿನಲ್ಲಿ ವಾಪಸು ಬರುವಾಗಲೇ ಗೌಸಸಾಬನಿಗೆ ಫೋನು ಮಾಡಿ ಗೇರು ಕೊರೆಯಬೇಡ ಎಂದು ಹೇಳಿದರು. ಕೊರೆದಾಗಿದೆ ಸರ ಅಂದ ಅವನು. ಹಾಗಾದರೆ ನಿನ್ನ ಹತ್ತಿರವೇ ಇಟ್ಟುಕೋ ಎಂದರು.

ಶನಿವಾರ ಮಂಡಳಿಯ ಐವರು ಸದಸ್ಯರು ಮುಂದಿನ ಕುರ್ಚಿಗಳಲ್ಲಿ ಕೂತರು. ಹಿಂದೆ ಒಂಬತ್ತನೆಯ ಇಯತ್ತೆಯ ಮಕ್ಕಳು. ಮಾಸ್ತರರು ಭೂಮಿ ನಡುವೆ ಇದ್ದ ಕಾಲದಿಂದ ಸುರುಮಾಡಿ, ಚಕ್ರದ ಮೇಲಿನ ಚಕ್ರ ದಾಟಿ, ನೆಪ್ಚೂನಿಗೆ ಬಂದರು. ಆ ಕಥೆಗೆ ಇನ್ನೊಂದು ಅರ್ಧವಿತ್ತು, ಅದನ್ನು ಅವರು ಮೂವತ್ತಾರು ವರ್ಷ ಯಾವ ಮಗುವಿಗೂ ಹೇಳಿರಲಿಲ್ಲ. ಅವತ್ತು ಹೇಳಿದರು. ನೆಪ್ಚೂನನ್ನು ಲೆಕ್ಕದಲ್ಲಿ ಹಿಡಿದ ಅದೇ ಗಣಿತಜ್ಞ, ಬುಧನ ದಾರಿಯೂ ಸ್ವಲ್ಪ ವಾರೆಯಾಗಿರುವುದನ್ನು ನೋಡಿ, ಸೂರ್ಯನ ಹತ್ತಿರ ಇನ್ನೊಂದು ಗ್ರಹವಿದೆ ಎಂದು ಲೆಕ್ಕ ಕೊಟ್ಟ. ಅದಕ್ಕೆ ಹೆಸರನ್ನೂ ಇಟ್ಟರು. ಎಷ್ಟೋ ವರ್ಷ ದೂರದರ್ಶಕ ಹಿಡಿದು ಹುಡುಕಿದರು. ಕಂಡೆ ಎಂದವರೂ ಇದ್ದರು. ಅಲ್ಲಿ ಏನೂ ಇರಲಿಲ್ಲ.

ಆಮೇಲೆ ಕೀಲಿ ತೆಗೆದು ಮಕ್ಕಳನ್ನು ಕರೆದರು. ಯಾವ ನಂಬರು ಬಂದವರು ಎಂದು ಕೇಳಲಿಲ್ಲ. ಒಬ್ಬೊಬ್ಬರು ಬಂದು ಒಂದೊಂದು ಸುತ್ತು ತಿರುಗಿಸಿ ಹೋದರು. ಮೂವತ್ತೆಂಟು ಮಕ್ಕಳು, ಮೂವತ್ತೆಂಟು ವರ್ಷ. ಋತುಜಾ ಎಂಬ ಹುಡುಗಿ ತನ್ನ ಸರದಿ ಮುಗಿಸಿ ಹೋಗದೆ ಅಲ್ಲೇ ನಿಂತು, 'ಸರ, ಕಡೀದು ತಿರಗವಲ್ದು' ಅಂದಳು. ಮಾಸ್ತರರು ಹೌದು ಎಂದರು. ಗೇರಿನ ಕಥೆ, ಷರಾ ಕಾಲಮ್ಮಿನ ಕಥೆ, ಗೀರುಗಳ ಕಥೆ ಎಲ್ಲವನ್ನೂ ಹೇಳಿದರು. ಮಕ್ಕಳು ನಗಲಿಲ್ಲ, ಮಂಡಳಿಯವರಲ್ಲಿ ಇಬ್ಬರು ನಕ್ಕರು. ಮಹಾಂತಯ್ಯ ಗೋಡೆಗೆ ಆತು ನಿಂತು ತನ್ನ ಕಾಲ್ಬೆರಳು ನೋಡಿಕೊಳ್ಳುತ್ತಿದ್ದ.

ಅಧ್ಯಕ್ಷರು ಪಕ್ಕದವರ ಕಿವಿಯಲ್ಲಿ ಏನೋ ಹೇಳಿದರು. ಭಾಗ್ಯಶ್ರೀ ಎದ್ದು, ಯಂತ್ರ ಇಲ್ಲೇ ಇರಬೇಕು, ಗೀರುಗಳ ಸಮೇತ, ರಜಿಸ್ಟರು ತೆರೆದಿಟ್ಟು, ಮತ್ತು ಕೀಲಿ ಇಲ್ಲದೆ ಎಂದು ವಾದ ಮಾಡಿದಳು. ಅರ್ಧ ಗಂಟೆ ಹಗ್ಗಜಗ್ಗಾಟವಾಗಿ ಕಡೆಗೆ ಒಪ್ಪಿಗೆಯಾಯಿತು, ಒಂದು ಷರತ್ತಿನ ಮೇಲೆ. ನೋಡಿದವರಿಗೆ ಗೊಂದಲವಾಗಬಾರದು, ಆದ್ದರಿಂದ ಯಂತ್ರದ ಮೇಲೆ 'ಇದು ತಪ್ಪು' ಎಂದು ದೊಡ್ಡದಾಗಿ ಬರೆಸಬೇಕು. ಯಂತ್ರ ಉಳಿಯಿತು. ಹೀಗೆ ಉಳಿಯುವುದಕ್ಕಿಂತ ಗುಜರಿಗೆ ಹೋಗಿದ್ದರೇ ಚೆನ್ನಾಗಿತ್ತು ಎಂದು ಮಾಸ್ತರರಿಗೆ ಆ ಗಳಿಗೆ ಖರೇ ಅನಿಸಿತು. ತಮ್ಮ ಹೆಸರಿನ ಗುರುತು ಇರಲಿ ಎಂದು ಬಯಸಿದವರು ಅವರೇ, ಈಗ ಅದು ಇದ್ದೇ ಇರುತ್ತದೆ.

ಎಲ್ಲ ಎದ್ದು ಹೋದ ಮೇಲೆ ಅವರು ರಜಿಸ್ಟರು ತೆರೆದು ಹೊಸ ಸಾಲಿನಲ್ಲಿ ತಾರೀಖು ಹಾಕಿದರು. ಪ್ಲೂಟೋದ ಮನೆಗೆ ಬಂದಾಗ ಪೆನ್ನು ನಿಂತಿತು. ರಜಿಸ್ಟರನ್ನು ತಿರುಗಿಸಿ ಮಹಾಂತಯ್ಯನ ಮುಂದೆ ಇಟ್ಟು, ನೀವು ನೋಡಿದ್ದನ್ನು ನೀವೇ ಬರೆಯಿರಿ ಎಂದರು. ಅವನು ಬೇಡವೆಂದ, ಅಕ್ಷರ ಚೆನ್ನಾಗಿಲ್ಲ ಎಂದ. ಮಾಸ್ತರರು ಪೆನ್ನು ಚಾಚಿದ ಕೈ ಹಿಂದೆಗೆಯಲಿಲ್ಲ.

ಮಹಾಂತಯ್ಯ ಕೈಯನ್ನು ಟಾವೆಲ್ಲಿಗೆ ಒರೆಸಿಕೊಂಡು ಪೆನ್ನು ತೆಗೆದುಕೊಂಡ. ಪೆಟ್ಟಿಗೆಯ ಹತ್ತಿರ ಹೋಗಿ, ಬಗ್ಗಿ, ಕಡ್ಡಿ ಎಲ್ಲಿದೆ ಎಂದು ಮತ್ತೊಮ್ಮೆ ನೋಡಿ ಬಂದ. ಆಮೇಲೆ ಒಂದೊಂದೇ ಅಕ್ಷರ ಒತ್ತಿ ಬರೆದ: 'ಪ್ಲೂಟೋ ಅಲುಗಿಲ್ಲ.' ಬರೆದು ಪೆನ್ನು ಕೊಡಲು ಹೋದವನು ತಡೆದು, ಪಕ್ಕದ ಷರಾ ಕಾಲಮ್ಮನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿ, ಅಲ್ಲಿಯೂ ಬರೆದ: 'ನಾನು ಮುಟ್ಟಿಲ್ಲ.'